14 ಸಾವಿರದ ಪ್ಯಾಡಲ್ ಬೀರುವಿನಲ್ಲಿ, 4,200ರದ್ದು ಕೈಯಲ್ಲಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬೀರುವಿನಲ್ಲಿ, ದಸರಾ ಬೊಂಬೆ ಪೆಟ್ಟಿಗೆಯ ಪಕ್ಕದಲ್ಲಿ, ಒಂದು ಪಿಕಲ್‌ಬಾಲ್ ಪ್ಯಾಡಲ್ ಮಲಗಿದೆ. ಷಟಲ್ ಕೋರ್ಟಿನಷ್ಟೇ ಜಾಗದಲ್ಲಿ ತೂತಿನ ಪ್ಲಾಸ್ಟಿಕ್ ಬಾಲ್ ಹೊಡೆದು ಆಡುವ ಆಟ ಅದು, ಪ್ಯಾಡಲ್ ಅಂದರೆ ಅದರ ಬ್ಯಾಟು. ಕೊಟ್ಟದ್ದು 14,000 ರೂಪಾಯಿ. ಆಡಿದ್ದು ಎರಡು ತಿಂಗಳು. ಅದಾದ ಮೇಲೆ 4,200 ಕೊಟ್ಟು ತಂದ ಇನ್ನೊಂದರಲ್ಲಿ ಏಳು ತಿಂಗಳಿಂದ ವಾರಕ್ಕೆ ಮೂರು ದಿನ ಆಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ. ಹೊಸದಾಗಿ ಸೇರಿದವರು ಬಂದು "ಸಾರ್, ಯಾವ ಪ್ಯಾಡಲ್ ತಗೊಳ್ಳಲಿ?" ಅಂತ ಕೇಳುತ್ತಾರೆ, ನಾನು ಕೋರ್ಟ್ ಪಕ್ಕ ನಿಂತು ಶುರು ಮಾಡುತ್ತೇನೆ, ಅಷ್ಟರಲ್ಲಿ ಸ್ಲಾಟ್ ಮುಗಿದು ಮುಂದಿನವರು ಬಂದು ನಿಂತಿರುತ್ತಾರೆ. ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಬೀರುವಿನಲ್ಲಿರುವ ಪ್ಯಾಡಲಿನ ಬ್ರ್ಯಾಂಡ್ ಹೇಳುವುದಿಲ್ಲ. ಅದು ಕೆಟ್ಟ ಪ್ಯಾಡಲ್ ಅಲ್ಲ. ನನ್ನ ಕೈಗೆ ತಕ್ಕದ್ದಲ್ಲ, ಅಷ್ಟೇ. ಅದು ಗೊತ್ತಾಗಲು ನನಗೆ 14 ಸಾವಿರ ಮತ್ತು ಒಂದು ಮೊಣಕೈ ಖರ್ಚಾಯಿತು.

ಮೊದಲು ನನ್ನ ಕಥೆ ಸ್ವಲ್ಪ. ಯಾಕೆಂದರೆ ಪ್ಯಾಡಲ್ ಆರಿಸುವಾಗ ನೀವು ಮೊದಲು ಏನು ಆಡುತ್ತಿದ್ದಿರಿ ಅನ್ನುವುದು ತುಂಬಾ ಮುಖ್ಯ, ಅಂಗಡಿಯವರು ಇದನ್ನು ಕೇಳುವುದೇ ಇಲ್ಲ. ನನಗೆ 46. ಹುಟ್ಟಿ ಬೆಳೆದದ್ದು ಮಂಡ್ಯ. ಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವನು. ಹಳದಿ ಉಣ್ಣೆಯ ಬಾಲು, ಒಂದೊಂದು ಕಡೆ ಐದೈದು ಜನ, ಮಣ್ಣಿನ ಅಂಕಣ, ಹೊರಗೆ ರಸ್ತೆಯಲ್ಲಿ ಕಬ್ಬಿನ ಲಾರಿ. ಆ ಆಟದಲ್ಲಿ ಎಲ್ಲಾ ಮಣಿಕಟ್ಟಿನದ್ದೇ ಕೆಲಸ. ಚಟ್ ಅಂತ ತಿರುಗಿಸಿ ಹೊಡೆಯಬೇಕು. ಮೂವತ್ತು ವರ್ಷ ಆದ ಮೇಲೂ ಆ ಚಟ ಕೈ ಬಿಟ್ಟಿಲ್ಲ. ಇದೇ ಚಟ ಮುಂದೆ ನನಗೆ ಏನು ಮಾಡಿತು ಅಂತ ಹೇಳುತ್ತೇನೆ.

ಹೋದ ವರ್ಷ ನಾವು ಷಟಲ್ ಆಡುತ್ತಿದ್ದ ಕಡೆ ಎರಡು ಕೋರ್ಟಿಗೆ ಹೊಸ ಗೆರೆ ಬಳಿದು ಪಿಕಲ್‌ಬಾಲ್ ಶುರು ಮಾಡಿದರು. ಅಳತೆ ಬದಲಾಯಿಸುವ ಕೆಲಸವೇ ಇರಲಿಲ್ಲ. ಷಟಲ್ ಡಬಲ್ಸ್ ಕೋರ್ಟಿನ 20 ಅಡಿ ಅಗಲ, 44 ಅಡಿ ಉದ್ದವೇ ಇದಕ್ಕೂ. ನೆಟ್ ಮಾತ್ರ ಕೆಳಗೆ ಬರುತ್ತದೆ, ಬದಿಯಲ್ಲಿ 36 ಇಂಚು, ನಡುವೆ 34. ಈ ಅಳತೆ ಒಂದೇ ಆಗಿರುವುದು ಸುಮ್ನೆ ಅಲ್ಲ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಅನ್ನುವವರ ಮನೆಯ ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ, ರಜೆಗೆ ಬಂದು ಬೇಜಾರಾಗಿದ್ದ ಮಕ್ಕಳಿಗಾಗಿ, ಟೇಬಲ್ ಟೆನ್ನಿಸ್ ಬ್ಯಾಟು ಮತ್ತು ತೂತಿನ ಪ್ಲಾಸ್ಟಿಕ್ ಬಾಲ್ ಇಟ್ಟುಕೊಂಡು ಶುರುವಾದ ಆಟ ಇದು. ಆ ಸಣ್ಣ ಬ್ಯಾಟು ಸಾಲದೆ ಬಂದಾಗ ಗೆಳೆಯರಲ್ಲಿ ಒಬ್ಬರಾದ ಬಾರ್ನಿ ಮೆಕ್ಯಾಲಮ್ ಪ್ಲೈವುಡ್ ಕತ್ತರಿಸಿ ದೊಡ್ಡದು ಮಾಡಿದರು. ಅಂದರೆ ಮೊದಲ ಪ್ಯಾಡಲ್ ಮರದ್ದೇ. ನನ್ನದೂ ಅಷ್ಟೇ.

ಆನ್‌ಲೈನಿನಲ್ಲಿ 1,400 ರೂಪಾಯಿಗೆ ಎರಡು ಮರದ ಪ್ಯಾಡಲ್, ನಾಲ್ಕು ಬಾಲ್, ಒಂದು ಬಲೆಯ ಚೀಲ. ಮನೆಗೆ ಬಂದ ದಿನ ಖುಷಿಯೋ ಖುಷಿ. ನನ್ನ ಹೆಂಡತಿ ಸಾರಿನ ಪುಡಿಗೆ ತೂಕ ಹಾಕುವ ಯಂತ್ರದ ಮೇಲೆ ಇಟ್ಟು ನೋಡಿದೆ, 310 ಗ್ರಾಂ. ಆಗ ಅದು ಜಾಸ್ತಿಯೋ ಕಮ್ಮಿಯೋ ಗೊತ್ತಿರಲಿಲ್ಲ. ಈಗ ಗೊತ್ತು, ಒಳಗೆ ಜೇನುಗೂಡಿನಂಥ ಪ್ಲಾಸ್ಟಿಕ್ ಇರುವ ಈಗಿನ ಪ್ಯಾಡಲುಗಳು ಸುಮಾರು 205ರಿಂದ 240 ಗ್ರಾಂ ಒಳಗೇ ಇರುತ್ತವೆ. ನೂರು ಗ್ರಾಂ ಏನು ಮಹಾ ಅನಿಸಬಹುದು. ನೆಟ್ ಹತ್ತಿರ ನಿಂತಾಗ ಬಾಲ್ ನಿಮ್ಮ ಎದೆಗೆ ಬಂದರೆ ಪ್ಯಾಡಲ್ ಎತ್ತುವಷ್ಟರಲ್ಲಿ ಅದು ಅಂಗಿ ಗುಂಡಿಗೆ ಬಡಿದಿರುತ್ತದೆ. ಆಗ ಆ ನೂರು ಗ್ರಾಮಿನ ಬೆಲೆ ತಿಳಿಯುತ್ತದೆ.

ಹಾಗಂತ ಮರದ್ದನ್ನು ಬೈಯುವುದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆಡಲು, ನೆಂಟರು ಬಂದಾಗ ತಾರಸಿ ಮೇಲೆ ಬಡಿದಾಡಲು ಅದು ಸಾಕು, ಬಿದ್ದರೂ ಏನೂ ಆಗುವುದಿಲ್ಲ, ಮಳೆಯಲ್ಲಿ ಮರೆತು ಬಂದರೂ ಎದೆ ಒಡೆಯುವುದಿಲ್ಲ. ಆದರೆ ಕೋರ್ಟಿಗೆ ದುಡ್ಡು ಕೊಟ್ಟು ಕಲಿಯಬೇಕು ಅಂತ ಹೊರಟವರು ಅದನ್ನು ಕೊಳ್ಳಬೇಡಿ. ಎರಡು ತಿಂಗಳಲ್ಲಿ ಬಿಡುತ್ತೀರಿ. ನಾನೂ ಅಷ್ಟರಲ್ಲೇ ಬಿಟ್ಟೆ.

ಇನ್ನು ಎರಡನೆಯದು. ಇಲ್ಲೇ ನಾನು ಎಡವಿದ್ದು.

ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುವ ರೋಗ. ಯಾರೋ ಒಬ್ಬ ಗಡ್ಡದವನು ಅಮೆರಿಕದಲ್ಲಿ ಕೂತು ಒಂದು ಪ್ಯಾಡಲ್ ಎತ್ತಿ ಹಿಡಿದು ಪವರ್, ಸ್ಪಿನ್, ಪಾಪ್ ಅಂತ ಹೇಳುತ್ತಿದ್ದರೆ ನನಗೆ ಅದೆಲ್ಲಾ ನನಗೇ ಬೇಕು ಅನಿಸಿತು. ಹಬ್ಬದ ಆಫರ್ ಬೇರೆ. ಆರ್ಡರ್ ಹಾಕಿಬಿಟ್ಟೆ. ಉದ್ದನೆಯ ಮೈ, 16.5 ಇಂಚು ಉದ್ದ, 7.5 ಇಂಚು ಅಗಲ. ಕೋರ್, ಅಂದರೆ ಒಳಗಿನ ಪದರ, 14 ಮಿಲಿಮೀಟರ್. ಬಾಲ್ ತಗುಲುವ ಮುಖಕ್ಕೆ ರಾ ಕಾರ್ಬನ್. ಥರ್ಮೋಫಾರ್ಮ್ಡ್, ಅಂದರೆ ಇಡೀ ಪ್ಯಾಡಲನ್ನು ಅಚ್ಚಿನಲ್ಲಿಟ್ಟು ಬಿಸಿ ಮತ್ತು ಒತ್ತಡ ಕೊಟ್ಟು ಒಂದೇ ತುಂಡಿನ ಹಾಗೆ ಬೆಸೆಯುವುದು, ಅಂಚಿನ ಸುತ್ತ ಫೋಮ್ ತುಂಬಿರುತ್ತಾರೆ. ತೂಕ 235 ಗ್ರಾಂ. ಇದನ್ನೆಲ್ಲಾ ಓದಿ "ಆಹಾ" ಅಂದೆ. ಇದರಲ್ಲಿ ಒಂದೊಂದರ ಅರ್ಥ ಏನು ಅಂತ ನನಗೆ ಅವತ್ತು ಗೊತ್ತಿರಲಿಲ್ಲ.

ಮೊದಲ ದಿನ ಸರ್ವ್ ಮಾಡಿದೆ. ಬಾಲ್ ಹೋಗಿ ಹಿಂದಿನ ಗೋಡೆಗೆ ಬಡಿಯಿತು. ಎಲ್ಲರೂ "ಏನ್ ಸಾರ್ ಪವರ್ರು!" ಅಂದರು. ಉಬ್ಬಿಹೋದೆ. ಒಂದು ವಾರ ಆದ ಮೇಲೆ ಲೆಕ್ಕ ಹಾಕಿದರೆ ಹತ್ತು ಸರ್ವಿನಲ್ಲಿ ನಾಲ್ಕು ಔಟು. ಅದಾದರೂ ಸರಿ ಮಾಡಿಕೊಳ್ಳಬಹುದಿತ್ತು. ಕಷ್ಟ ಆದದ್ದು ಕಿಚನ್ ಗೆರೆಯ ಹತ್ತಿರ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೆಟ್ಟಿನ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಅನ್ನುತ್ತಾರೆ, ಅದರೊಳಗೆ ಕಾಲಿಟ್ಟು ಬಾಲನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ಹಾಗಿಲ್ಲ. "ಮನೇಲೂ ಅಷ್ಟೇ, ಅಡುಗೆಮನೆಗೆ ಕಾಲಿಡಲ್ಲ" ಅಂತ ನನ್ನವಳು ಚುಚ್ಚುತ್ತಾಳೆ. ಇರಲಿ. ಈ ಆಟದಲ್ಲಿ ಅರ್ಧ ಪಾಯಿಂಟು ತೀರ್ಮಾನ ಆಗುವುದು ಆ ಗೆರೆಯಲ್ಲಿ ನಿಂತು ಮೆಲ್ಲಗೆ ಎದುರಿನವರ ಕಿಚನ್‌ಗೆ ಬಾಲ್ ಇಳಿಸುವುದರಲ್ಲಿ, ಅದಕ್ಕೆ ಡಿಂಕ್ ಅಂತ ಹೆಸರು. ನನ್ನ ಹೊಸ ಪ್ಯಾಡಲಿನಿಂದ ಡಿಂಕ್ ಮಾಡಿದರೆ ಬಾಲ್ ಒಂದು ಮೊಳ ಜಾಸ್ತಿ ಮೇಲೇಳುತ್ತಿತ್ತು. ಎದುರಿಗಿದ್ದ ಹುಡುಗ ಅದನ್ನು ಹಬ್ಬದ ಒಬ್ಬಟ್ಟಿನ ಹಾಗೆ ಕಾಯುತ್ತಾ ನಿಂತಿರುತ್ತಿದ್ದ.

ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಪ್ಯಾಡಲಿನ ಒಳಗೆ ಇರುವುದು ಜೇನುಗೂಡಿನ ಆಕಾರದ ಪ್ಲಾಸ್ಟಿಕ್, ಪಾಲಿಪ್ರೊಪಿಲೀನ್. ನಿಜವಾಗಿ ಜೇನುಹಟ್ಟಿಯ ಕಣ್ಣುಗಳ ಹಾಗೇ ಆರು ಮೂಲೆಯ ಗೂಡುಗಳು. ಈ ಉಪಾಯ ವಿಮಾನದಿಂದ ಬಂದದ್ದು. 1984ರಲ್ಲಿ ಆರ್ಲನ್ ಪರಾಂಟೊ ಅನ್ನುವ ಬೋಯಿಂಗ್ ಇಂಜಿನಿಯರ್ ವಿಮಾನದ ನೆಲಕ್ಕೆ ಹಾಕುವ ಜೇನುಗೂಡು ಹಲಗೆಯಿಂದ ಪ್ಯಾಡಲ್ ಮಾಡಿದರು, ಅಲ್ಲಿಂದ ಮರದ ಕಾಲ ಮುಗಿಯುತ್ತಾ ಬಂತು. ಈ ಗೂಡಿನ ಪದರ ತೆಳ್ಳಗಿದ್ದರೆ, ಅಂದರೆ 13 ಅಥವಾ 14 ಮಿಲಿಮೀಟರ್ ಇದ್ದರೆ, ಬಾಲ್ ಬೇಗ ಚಿಮ್ಮುತ್ತದೆ. ದಪ್ಪ ಇದ್ದರೆ, 16 ಮಿಲಿಮೀಟರ್, ಬಾಲಿನ ಏಟನ್ನು ಸ್ವಲ್ಪ ನುಂಗಿಕೊಂಡು ಮೆತ್ತಗೆ ಕಳಿಸುತ್ತದೆ. ಎರಡು ಮಿಲಿಮೀಟರ್ ಅಂದರೆ ಒಂದು ಬೆಲ್ಲದ ಚೂರಿನಷ್ಟೂ ಇಲ್ಲ, ಆದರೆ ಕೈಗೆ ಗೊತ್ತಾಗುತ್ತದೆ. ಇದರ ಜೊತೆಗೆ ಥರ್ಮೋಫಾರ್ಮ್ಡ್ ಬೇರೆ, ಅದು ಇನ್ನೂ ಗಟ್ಟಿ. ಮೇಲೆ ನನ್ನ ಮಂಡ್ಯದ ಮಣಿಕಟ್ಟು. ಮೂರೂ ಸೇರಿದರೆ ಬಾಲ್ ಕಿಚನ್‌ನಲ್ಲಿ ಎಲ್ಲಿ ನಿಲ್ಲುತ್ತದೆ ಹೇಳಿ.

ಆರನೇ ವಾರಕ್ಕೆ ಮೊಣಕೈ ಹೊರಗಡೆ ನೋವು. ಕಾಫಿ ಲೋಟ ಎತ್ತಿದರೂ ಚುಳ್ ಅನ್ನುವುದು. ಫಿಸಿಯೋ ಹತ್ತಿರ ಹೋದರೆ ಟೆನ್ನಿಸ್ ಎಲ್ಬೋ ಅಂದರು, ಒಂದು ತಿಂಗಳು ಪ್ಯಾಡಲ್ ಮುಟ್ಟಬೇಡಿ ಅಂದರು. "ಸಾರ್, ನಾನು ಟೆನ್ನಿಸ್ ಆಡೋದೇ ಇಲ್ಲ" ಅಂದೆ. ಅವರು ನಗಲಿಲ್ಲ. ಪ್ಯಾಡಲ್ ತಂದು ತೋರಿಸಿ ಅಂದರು. ತೋರಿಸಿದೆ. ಅವರು ಪ್ಯಾಡಲಿನ ಮುಖ ನೋಡಲಿಲ್ಲ, ಕಾರ್ಬನ್ ನೋಡಲಿಲ್ಲ. ಹಿಡಿ ನೋಡಿದರು. "ಇದು ನಿಮ್ಮ ಕೈಗೆ ಸಣ್ಣದು. ಜಾರದೇ ಇರಲಿ ಅಂತ ನೀವು ಬಿಗಿ ಹಿಡೀತಾ ಇದ್ದೀರಿ, ಆ ಬಿಗಿ ಎಲ್ಲಾ ಮೊಣಕೈಗೆ ಬರುತ್ತೆ" ಅಂದರು.

ಈ ಒಂದು ಮಾತು ನಾನು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ. ಹಿಡಿಯ ಸುತ್ತಳತೆ ಸಾಮಾನ್ಯವಾಗಿ 4 ಇಂಚಿನಿಂದ ನಾಲ್ಕೂವರೆ ಇಂಚು ಇರುತ್ತದೆ. ನೋಡುವ ವಿಧಾನ ಸುಲಭ. ಆಡುವ ಕೈಯಲ್ಲಿ ಪ್ಯಾಡಲ್ ಹಿಡಿಯಿರಿ, ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು. ಬೆರಳು ತೂರುವುದೇ ಇಲ್ಲ ಅಂದರೆ ಹಿಡಿ ಸಣ್ಣದು, ಸಡಿಲವಾಗಿ ಓಡಾಡಿದರೆ ದೊಡ್ಡದು. ಅನುಮಾನ ಬಂದರೆ ಸಣ್ಣದನ್ನೇ ತಗೊಳ್ಳಿ, ಯಾಕೆಂದರೆ ಸಣ್ಣ ಹಿಡಿಗೆ ಓವರ್‌ಗ್ರಿಪ್ ಅನ್ನುವ ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದೊಡ್ಡದನ್ನು ಕೆತ್ತಿ ಸಣ್ಣ ಮಾಡಲು ಆಗುವುದಿಲ್ಲ. ಷಟಲ್ ರಾಕೆಟ್ಟಿಗೆ ಹಾಕುವ ಓವರ್‌ಗ್ರಿಪ್ಪೇ ಇದಕ್ಕೂ ಆಗುತ್ತದೆ, ನೂರು ರೂಪಾಯಿ ಆಚೀಚೆ. ನಾನು ಈ ಕೆಲಸ ಮೊದಲ ದಿನ ಮಾಡಿದ್ದರೆ ಫಿಸಿಯೋಗೆ ಕೊಟ್ಟ ದುಡ್ಡು ಉಳಿಯುತ್ತಿತ್ತು. ನೂರು ರೂಪಾಯಿ ಕೆಲಸ!

ವಾಪಸ್ ಕೊಡೋಣ ಅಂತ ಮಾರಿದವರಿಗೆ ಬರೆದೆ. ಆಡಿದ ಪ್ಯಾಡಲ್ ತಗೊಳ್ಳುವುದಿಲ್ಲ ಅಂದರು. ಅವರದ್ದೂ ನ್ಯಾಯವೇ ಬಿಡಿ. ಆದರೆ ಬಾಕ್ಸ್ ತೆರೆಯದೆ, ಹಿಡಿಯದೆ, ಒಂದು ಏಟು ಹೊಡೆಯದೆ ಪ್ಯಾಡಲ್ ಹೊಂದುತ್ತದೋ ಇಲ್ಲವೋ ಅಂತ ಯಾರಿಗೆ ಗೊತ್ತಾಗುತ್ತದೆ? ಚಪ್ಪಲಿ ಕೊಳ್ಳುವಾಗಲೂ ಎರಡು ಹೆಜ್ಜೆ ನಡೆದು ನೋಡುತ್ತೇವೆ.

ಒಂದು ತಿಂಗಳು ಕೋರ್ಟ್ ಪಕ್ಕ ಕೂತು ನೋಡಿದೆ. ಆಡದೆ ಕೂತಾಗ ತುಂಬಾ ಕಾಣುತ್ತದೆ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ, ಅರವತ್ತು ದಾಟಿದೆ, ಓಡುವುದು ಕಮ್ಮಿ, ಹೊಡೆಯುವುದು ಇನ್ನೂ ಕಮ್ಮಿ. ಆದರೆ ಸೋಲುವುದೂ ಕಮ್ಮಿ. ಅವರ ಪ್ಯಾಡಲ್ ನೋಡಿದರೆ ಏನೂ ಅನಿಸುವುದಿಲ್ಲ. ಅಗಲವಾದದ್ದು, 16 ಇಂಚು ಉದ್ದ 8 ಇಂಚು ಅಗಲ, ಅಂಚಿನ ಬಣ್ಣ ಎದ್ದುಹೋಗಿದೆ. ಕೈ ಸರಿಯಾದ ಮೇಲೆ ಒಂದು ಬೆಳಿಗ್ಗೆ ಅವರು ತಮ್ಮ ಪ್ಯಾಡಲನ್ನೇ ನನ್ನ ಕೈಗೆ ಕೊಟ್ಟರು.

"ಆಡಿ ನೋಡಿ. ಹೊಡೀಬೇಡಿ. ಸುಮ್ನೆ ಅಡ್ಡ ಇಡಿ."

ಅಡ್ಡ ಇಟ್ಟೆ. ಬಾಲ್ ಹೋಗಿ ನೆಟ್ ದಾಟಿ ಅಲ್ಲೇ ಬಿತ್ತು. ಇನ್ನೊಂದು. ಅದೂ ಅಲ್ಲೇ. ನನಗೆ ನಾಚಿಕೆಯೇ ಆಯಿತು.

"ಎಷ್ಟು ಮೇಷ್ಟ್ರೇ ಇದು?"

"ಎರಡು ವರ್ಷದ ಹಿಂದೆ ಮೂರೂವರೆ ಸಾವಿರ. ಮಗ ಕೊಡಿಸಿದ್ದು. ಜಾಸ್ತಿ ಆಯ್ತು ಅಂತ ಬೈದಿದ್ದೆ."

ಅಗಲವಾದ ಪ್ಯಾಡಲಿನಲ್ಲಿ ಬಾಲ್ ಚೆನ್ನಾಗಿ ಕೂರುವ ಜಾಗ, ಸ್ವೀಟ್ ಸ್ಪಾಟ್ ಅನ್ನುತ್ತಾರಲ್ಲ, ಅದು ದೊಡ್ಡದು. ನಡುವಿನಿಂದ ಒಂದು ಬೆರಳು ಆಚೀಚೆ ತಗುಲಿದರೂ ಪ್ಯಾಡಲ್ ಕೈಯಲ್ಲಿ ತಿರುಗುವುದಿಲ್ಲ. ಉದ್ದದ್ದರಲ್ಲಿ ಆ ಜಾಗ ಕಿರಿದು, ಮೇಲಕ್ಕೆ ಇರುತ್ತದೆ. ಬದಲಿಗೆ ಕೈ ದೂರಕ್ಕೆ ಎಟುಕುತ್ತದೆ, ಬೀಸಿದಾಗ ತುದಿಯಲ್ಲಿ ಜೋರು ಜಾಸ್ತಿ. ಹೊಸಬರಿಗೆ ಎಟುಕುವುದಕ್ಕಿಂತ ತಗುಲುವುದು ಮುಖ್ಯ, ಅಲ್ವಾ?

ಸರಸ್ವತಿಪುರಂ ಕಡೆ ಒಂದು ಸ್ಪೋರ್ಟ್ಸ್ ಅಂಗಡಿ ಇದೆ, ಚಿಕ್ಕದು, ಮುಂದೆ ಕ್ರಿಕೆಟ್ ಪ್ಯಾಡು ನೇತುಹಾಕಿರುತ್ತಾರೆ. ಅಲ್ಲಿಗೆ ಹೋದೆ. ಈ ಅಂಗಡಿ ಬಗ್ಗೆ ಎರಡು ಒಳ್ಳೆ ಮಾತು ಹೇಳಲೇಬೇಕು. ಆರೇಳು ಪ್ಯಾಡಲ್ ಮಾತ್ರ ಇಟ್ಟಿದ್ದರು, ಆದರೆ ಎಲ್ಲವನ್ನೂ ಹೊರಗೆ ತೆಗೆದು ಕೈಗೆ ಕೊಟ್ಟರು. ಹಿಂದಿನ ಗೋಡೌನ್ ಗೋಡೆಗೆ ಬಾಲ್ ತಟ್ಟಿ ನೋಡಿ ಅಂದರು. ಹೀಗೆ ಯಾರು ಬಿಡುತ್ತಾರೆ? ನಾನು ನಾಲ್ಕು ಪ್ಯಾಡಲ್ ಹಿಡಿದು ಇಪ್ಪತ್ತು ನಿಮಿಷ ಗೋಡೆಗೆ ಬಾರಿಸಿದೆ. ನಡುವೆ ಟೀ ಬೇರೆ ಬಂತು. ಕೊನೆಗೆ ತಗೊಂಡದ್ದು ಅಗಲ ಮೈಯ, 16 ಮಿಲಿಮೀಟರ್ ಪಾಲಿ (ಪಾಲಿಪ್ರೊಪಿಲೀನ್) ಕೋರಿನ, ಕಾರ್ಬನ್ ಮುಖದ, 221 ಗ್ರಾಮಿನ ಪ್ಯಾಡಲ್. 4,500 ಹೇಳಿದರು, 4,200ಕ್ಕೆ ಕೊಟ್ಟರು, ಒಂದು ಓವರ್‌ಗ್ರಿಪ್ ಅವರೇ ಸುತ್ತಿಕೊಟ್ಟರು. ಒಂದು ಕೊರತೆ: ಎಡಗೈಯವರಿಗೆ ಗ್ರಿಪ್ ಸುತ್ತುವ ದಿಕ್ಕು ಬೇರೆ ಅಂದರೆ ಅವರಿಗೆ ಗೊತ್ತಿಲ್ಲ, ನನ್ನ ಭಾಮೈದನದ್ದು ಎರಡು ದಿನದಲ್ಲಿ ಬಿಚ್ಚಿಕೊಂಡಿತು.

ಇನ್ನು ಮುಖದ ಬಗ್ಗೆ. ಮಾರುವವರು ಅತಿ ಹೆಚ್ಚು ಮಾತಾಡುವುದು ಇದರ ಬಗ್ಗೆಯೇ. ಫೈಬರ್‌ಗ್ಲಾಸ್ ಮುಖ ಬಾಲನ್ನು ಸ್ಪ್ರಿಂಗಿನ ಹಾಗೆ ಎಸೆಯುತ್ತದೆ, ಅಗ್ಗ ಕೂಡ. ಗ್ರಾಫೈಟ್ ಮತ್ತು ಕಾರ್ಬನ್ ಹೆಚ್ಚು ಬಿಗಿ, ಏಟು ಎಲ್ಲಾ ಕಡೆ ಒಂದೇ ಥರ ಇರುತ್ತದೆ. ರಾ ಕಾರ್ಬನ್ ಅಂದರೆ ಮೇಲೆ ಬಣ್ಣ ಬಳಿಯದೆ ಒರಟನ್ನು ಹಾಗೇ ಬಿಟ್ಟಿರುತ್ತಾರೆ, ಬೆರಳಿಂದ ಸವರಿದರೆ ಸಣ್ಣ ಉಪ್ಪುಕಾಗದದ ಹಾಗೆ ಇರುತ್ತದೆ. ಆ ಒರಟು ಬಾಲನ್ನು ಹಿಡಿದು ತಿರುಗಿಸುತ್ತದೆ, ಸ್ಪಿನ್ ಬರುತ್ತದೆ. ಟಿ700 ಅಂತ ಬರೆದಿರುವುದು ನೋಡಿರಬಹುದು, ಅದು ಜಪಾನಿನ ಟೊರೇ ಕಂಪನಿಯ ಒಂದು ದರ್ಜೆಯ ಕಾರ್ಬನ್ ನಾರು. ಒಳ್ಳೆಯದೇ. ಆದರೆ ಎರಡು ವಿಷಯ ಮರೆಯಬೇಡಿ. ಸ್ಪಿನ್ ಬರುವುದು ಕೈ ಬೀಸುವ ರೀತಿಯಿಂದ, ಪ್ಯಾಡಲ್ ಅದಕ್ಕೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೇ. ಎರಡನೆಯದು, ಆ ಒರಟು ಸವೆಯುತ್ತದೆ. ದಿನಾ ಆಡುವವರದ್ದು ಕೆಲವು ತಿಂಗಳಿಗೇ ನುಣ್ಣಗಾಗುತ್ತದೆ. ನನ್ನ ಏಳು ತಿಂಗಳದ್ದರಲ್ಲಿ ನಡುವೆ ಒಂದು ಬೋಳು ವೃತ್ತ ಆಗಿದೆ, ನಮ್ಮ ಮಾವನ ತಲೆಯ ಹಾಗೆ. ಬಾಲಿನ ಪ್ಲಾಸ್ಟಿಕ್ ಅಂಟಿಕೊಂಡು ಕೊಳೆಯಾಗಿದ್ದರೆ ಮಾತ್ರ ಅದಕ್ಕೇ ಮಾರುವ ರಬ್ಬರಿನಿಂದ ಉಜ್ಜಿದರೆ ಸ್ವಲ್ಪ ವಾಪಸ್ ಬರುತ್ತದೆ.

ಅಗ್ಗದ ಪ್ಯಾಡಲುಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. "ಕಾರ್ಬನ್ ಫಿನಿಶ್" ಅಂತ ಬರೆದಿರುತ್ತಾರೆ. ಫಿನಿಶ್ ಅನ್ನುವ ಪದ ನೋಡಿ. ಫೈಬರ್‌ಗ್ಲಾಸ್ ಮೇಲೆ ಕಪ್ಪು ನೇಯ್ಗೆಯ ಚಿತ್ರ ಅಚ್ಚು ಹಾಕಿದರೂ ಅದು ಕಾರ್ಬನ್ ಫಿನಿಶ್ಶೇ. ಪಾಲಿಯೆಸ್ಟರ್ ಸೀರೆಗೆ ಮೈಸೂರು ಸಿಲ್ಕ್ ಬಾರ್ಡರ್ ಅಂದ ಹಾಗೆ. ಆ ಪ್ಯಾಡಲ್ ಕೆಟ್ಟದ್ದು ಅಂತಲ್ಲ, 2,000ಕ್ಕೆ ಫೈಬರ್‌ಗ್ಲಾಸ್ ಚೆನ್ನಾಗೇ ಇರುತ್ತದೆ, ಕಾರ್ಬನ್ ಬೆಲೆ ಕೊಡಬೇಡಿ ಅಷ್ಟೇ.

ನಮ್ಮ ಗುಂಪಿನ ಉಳಿದವರ ಕೈಯಲ್ಲಿ ಏನಿದೆ ಅಂತ ಹೇಳಿದರೆ ಇನ್ನೂ ಸರಿಯಾಗಿ ತಿಳಿಯುತ್ತದೆ. ಹೆಬ್ಬಾಳದ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಕಾಲೇಜಿನಲ್ಲಿ ಟೇಬಲ್ ಟೆನ್ನಿಸ್ ಆಡಿದವನು. ಅವನಿಗೆ ಗಿಡ್ಡ ಹಿಡಿ ಬೇಕು, ತೋರುಬೆರಳನ್ನು ಮುಖದ ಮೇಲೆ ಚಾಚಿ ಹಿಡಿಯುತ್ತಾನೆ, 13 ಮಿಲಿಮೀಟರಿನ ಹಗುರ ಪ್ಯಾಡಲಿನಲ್ಲಿ ನೆಟ್ ಹತ್ತಿರ ಅವನ ಕೈ ಕಾಣುವುದೇ ಇಲ್ಲ. ನಾನು ಅದರಲ್ಲಿ ಆಡಿದರೆ ಬಾಲ್ ರಿಂಗ್ ರೋಡಿಗೆ ಹೋಗುತ್ತದೆ. ನನ್ನ ಹೆಂಡತಿ ಈಚೆಗೆ ಬರಲು ಶುರು ಮಾಡಿದ್ದಾಳೆ, ಮೊದಲು ಯಾವ ಆಟವೂ ಆಡಿದವಳಲ್ಲ, ಕೈ ಸಣ್ಣದು. ಅವಳಿಗೆ 4 ಇಂಚಿನ ಹಿಡಿ, 210 ಗ್ರಾಂ, 16 ಮಿಲಿಮೀಟರ್, ಫೈಬರ್‌ಗ್ಲಾಸ್, 2,300 ರೂಪಾಯಿ. ಫೈಬರ್‌ಗ್ಲಾಸ್ ಯಾಕೆ ಅಂದರೆ ಅವಳು ಮೆಲ್ಲಗೆ ಹೊಡೆಯುತ್ತಾಳೆ, ಬಾಲ್ ಹಿಂದಿನ ಗೆರೆಯ ತನಕ ಹೋಗಲು ಪ್ಯಾಡಲ್ ಸ್ವಲ್ಪ ತಳ್ಳಿಕೊಟ್ಟರೆ ಒಳ್ಳೆಯದು. ನನಗೆ ಬೇಡವಾದದ್ದು ಅವಳಿಗೆ ಬೇಕು. ಇದನ್ನು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ.

ಇನ್ನೊಬ್ಬ ಟೆನ್ನಿಸ್ ಆಡಿದ ಹುಡುಗ, ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಾನೆ. ಎರಡು ಕೈ ಹಿಡಿಯಲು ಜಾಗ ಬೇಕಲ್ಲ, ಐದೂವರೆ ಇಂಚು ಉದ್ದದ ಹಿಡಿ ಇದ್ದರೆ ಅವನಿಗೆ ಸರಿ, ಅಂಥ ಹಿಡಿ ಹೆಚ್ಚಾಗಿ ಸಿಗುವುದು ಉದ್ದನೆಯ ಪ್ಯಾಡಲಿನಲ್ಲೇ. ಒಂದು ಭಾನುವಾರ ನನ್ನ ಬೀರುವಿನ ಪ್ಯಾಡಲ್ ಇಸಿದುಕೊಂಡು ಆಡಿದ. ಅಯ್ಯೋ, ಏನು ಆಟ ಅಂತೀರಿ! ನನ್ನ ಕೈಯಲ್ಲಿ ಗೋಡೆಗೆ ಬಡಿಯುತ್ತಿದ್ದ ಸರ್ವ್ ಅವನ ಕೈಯಲ್ಲಿ ಗೆರೆಯ ಒಳಗೆ ಅರ್ಧ ಅಡಿಗೆ ಬಿದ್ದು ಜಾರಿಕೊಂಡು ಹೋಗುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ನನ್ನದೇ ಪ್ಯಾಡಲನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದೆ.

ದುಡ್ಡಿನ ಮಾತಿಗೆ ಬರುತ್ತೇನೆ. ಈ ಆಟ ಹಿಡಿಸುತ್ತದೋ ಇಲ್ಲವೋ ಅಂತಲೇ ಗೊತ್ತಿಲ್ಲದವರು ಏನೂ ಕೊಳ್ಳಬೇಡಿ. ಬಾಡಿಗೆ ಪ್ಯಾಡಲ್ ಇಟ್ಟಿರುವ ಕೋರ್ಟುಗಳು ಇವೆ, ಇಲ್ಲವೇ ನಮ್ಮಂಥವರ ಹತ್ತಿರ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಹಿಡಿಸಿತು, ವಾರಕ್ಕೊಮ್ಮೆ ಬರುತ್ತೇವೆ ಅನ್ನುವವರಿಗೆ 2,000ದಿಂದ 3,000 ಒಳಗಿನ ಪಾಲಿ ಕೋರಿನ ಪ್ಯಾಡಲ್ ಸಾಕು. ವಾರಕ್ಕೆ ಮೂರು ದಿನ ಆಡುತ್ತೇವೆ, ವರ್ಷ ಬಾಳಿಕೆ ಬರಬೇಕು ಅಂದರೆ 4,000ದಿಂದ 6,000. ಅದರ ಮೇಲೆ ಹೋಗಬೇಕಾದರೆ "ನನ್ನ ಈಗಿನ ಪ್ಯಾಡಲಿನಲ್ಲಿ ಇಂಥದ್ದು ಆಗುತ್ತಿಲ್ಲ" ಅಂತ ನಿಮಗೇ ಬಾಯಿಬಿಟ್ಟು ಹೇಳಲು ಬರಬೇಕು. ನನಗೆ ಅವತ್ತು ಹೇಳಲು ಬರುತ್ತಿರಲಿಲ್ಲ. ನಮ್ಮ ಕೋರ್ಟ್ ಗಂಟೆಗೆ 500, ನಾಲ್ಕು ಜನ ಹಂಚಿಕೊಂಡರೆ ತಲೆಗೆ 125. ನನ್ನ ಎರಡು ಪ್ಯಾಡಲುಗಳ ನಡುವಿನ ವ್ಯತ್ಯಾಸ 9,800. ಅಂದರೆ 78 ಗಂಟೆಯ ಆಟ, ವಾರಕ್ಕೆ ಮೂರು ಗಂಟೆಯ ಹಾಗೆ ಆರು ತಿಂಗಳು. ಈ ಲೆಕ್ಕವನ್ನು ಮನೆಯಲ್ಲಿ ಹೇಳಿಲ್ಲ, ನೀವೂ ಹೇಳಬೇಡಿ. ದುಡ್ಡು ಉಳಿದರೆ ಕೋರ್ಟ್ ಶೂ ತಗೊಳ್ಳಿ. ಓಟದ ಶೂ ಹಾಕಿಕೊಂಡು ಪಕ್ಕಕ್ಕೆ ಜಿಗಿದರೆ ಕಾಲು ಉಳುಕುವುದು ಪ್ಯಾಡಲ್ ನೋಡಿ ಅಲ್ಲ.

ಟೂರ್ನಮೆಂಟ್ ಆಡುವ ಆಸೆ ಇದ್ದವರು ಮಾತ್ರ ಒಂದು ವಿಷಯ ನೋಡಿಕೊಳ್ಳಿ. ಅಮೆರಿಕದ ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆ ಒಪ್ಪಿಗೆ ಕೊಟ್ಟ ಪ್ಯಾಡಲುಗಳ ಪಟ್ಟಿ ಇದೆ, ಒಪ್ಪಿಗೆಯ ಗುರುತು ಪ್ಯಾಡಲಿನ ಮುಖದ ಮೇಲೇ ಇರುತ್ತದೆ. ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಎರಡೂ ಕೂಡಿಸಿದರೆ 24 ಇಂಚು ಮೀರಬಾರದು, ತೂಕಕ್ಕೆ ಮಿತಿ ಇಲ್ಲ. ನಡೆಸುವವರನ್ನು ಮೊದಲೇ ಕೇಳಿಬಿಡಿ. ಬೆಳಿಗ್ಗೆ ಗಾಳಿಗೆ ಆಡುವ ನಮಗೆ ಆ ಗುರುತಿನ ಹಂಗಿಲ್ಲ.

ಹಳೇ ಪ್ಯಾಡಲ್ ಸಿಕ್ಕಿದರೆ ಕೊಳ್ಳಬಹುದಾ ಅಂತ ಕೇಳುತ್ತಾರೆ. ಕೊಳ್ಳಬಹುದು, ತಟ್ಟಿ ನೋಡಿ ಕೊಳ್ಳಿ. ಹಲಸಿನ ಹಣ್ಣು ತಟ್ಟಿ ನೋಡುತ್ತೀವಲ್ಲ ಹಾಗೆ. ಬೆರಳ ಗೆಣ್ಣಿನಿಂದ ಮುಖದ ಮೇಲೆ ಎಲ್ಲಾ ಕಡೆ ಮೆಲ್ಲಗೆ ಕುಟ್ಟಿ. ಎಲ್ಲಾ ಕಡೆ ಒಂದೇ ಸದ್ದು ಬಂದರೆ ಸರಿ. ಒಂದು ಕಡೆ ಟಕ್ ಅಂದು ಇನ್ನೊಂದು ಕಡೆ ಡಬ್ ಅಂದರೆ ಒಳಗೆ ಗೂಡು ಜಜ್ಜಿಹೋಗಿದೆ, ಇಲ್ಲವೇ ಮುಖದ ಹಾಳೆ ಕೋರಿನಿಂದ ಬಿಟ್ಟುಕೊಂಡಿದೆ. ಹಾಳೆ ಬಿಟ್ಟುಕೊಂಡರೆ ವಿಚಿತ್ರ ಏನೆಂದರೆ ಬಾಲ್ ಇನ್ನೂ ಜೋರಾಗಿ ಹೋಗುತ್ತದೆ, ಮುಖ ತಮಟೆಯ ಹಾಗೆ ಚಿಮ್ಮಿಸುತ್ತದೆ. ನಮ್ಮ ಗೆಳೆಯ ಒಬ್ಬ ಒಂದು ವಾರ "ನನ್ನ ಆಟ ಸುಧಾರಿಸಿದೆ" ಅಂತ ಓಡಾಡಿದ, ಮೇಷ್ಟ್ರು ಬಂದು ಕುಟ್ಟಿ ನೋಡಿ "ಆಟ ಅಲ್ಲಪ್ಪ, ಅಂಟು ಬಿಟ್ಟಿದೆ" ಅಂದರು. ಬಿಸಿಲಿನಲ್ಲಿ ಕಾರಿನೊಳಗೆ, ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ. ಅಂಟು ಅಂಟೇ, ಬೇಯಿಸಿದರೆ ಬಿಡುತ್ತದೆ.

ಬಾಲ್ ಬಗ್ಗೆ ಒಂದೇ ಮಾತು. ಹೊರಗೆ ಆಡುವ ಬಾಲಿಗೆ 40 ಸಣ್ಣ ತೂತು, ಒಳಗೆ ಆಡುವುದಕ್ಕೆ ಸಾಮಾನ್ಯವಾಗಿ 26 ದೊಡ್ಡ ತೂತು, ಅದು ಮೆತ್ತಗೂ ಇರುತ್ತದೆ. ಒಳಾಂಗಣದ ಬಾಲ್ ತಂದು ಆಷಾಢದ ಗಾಳಿಯಲ್ಲಿ ತಾರಸಿ ಮೇಲೆ ಆಡಿ, ಆಮೇಲೆ ಪ್ಯಾಡಲ್ ಸರಿ ಇಲ್ಲ ಅಂತ ನನಗೆ ಫೋನ್ ಮಾಡಬೇಡಿ. ಸದ್ದಿನ ವಿಷಯವೂ ಇದೆ. ಗಟ್ಟಿ ಪ್ಯಾಡಲ್, ಗಟ್ಟಿ ಬಾಲ್, ಬೆಳಿಗ್ಗೆ ಆರು ಗಂಟೆ. ಕೋರ್ಟಿನ ಹಿಂದಿನ ಮನೆಯ ಆಂಟಿ ಗೋಡೆ ಮೇಲೆ ತಲೆ ಹಾಕಿ "ಏನ್ರಪ್ಪಾ, ಮರ ಕಡೀತಾ ಇದ್ದೀರಾ?" ಅಂತ ಕೇಳಿದ್ದುಂಟು. 16 ಮಿಲಿಮೀಟರಿನ ಪ್ಯಾಡಲ್ ಸ್ವಲ್ಪ ಮೆಲ್ಲಗೆ ಸದ್ದು ಮಾಡುತ್ತದೆ, ಅದಕ್ಕೂ ಒಂದು ಅಂಕ ಕೊಡಬೇಕು.

ನನ್ನ 4,200ರ ಪ್ಯಾಡಲಿಗೆ ಹತ್ತಕ್ಕೆ ಎಂಟು ಕೊಡುತ್ತೇನೆ. ಡಿಂಕ್, ತಡೆಯುವುದು, ಸರ್ವ್ ಮತ್ತು ಅದರ ಉತ್ತರ ಆದ ಮೇಲಿನ ಮೂರನೇ ಏಟಿಗೆ ಮೆಲ್ಲಗೆ ಇಳಿಸುವುದು ಎಲ್ಲಾ ಚೆನ್ನ. ಓವರ್‌ಹೆಡ್ ಸ್ಮ್ಯಾಶಿನಲ್ಲಿ ಜೋರು ಸಾಲದು, ಅಲ್ಲಿ ಒಂದು ಅಂಕ ಹೋಯಿತು. ಅಂಚಿನ ಪ್ಲಾಸ್ಟಿಕ್ ಪಟ್ಟಿ ಐದನೇ ತಿಂಗಳಿಗೆ ಒಂದು ಕಡೆ ಎದ್ದಿತು, ಫೆವಿಕ್ವಿಕ್ ಹಾಕಿದೆ, ಕೂತಿದೆ. ಅದಕ್ಕೆ ಇನ್ನೊಂದು. ಮೊಣಕೈ ಈಗ ನೋಯುವುದಿಲ್ಲ.

ಬೀರುವಿನಲ್ಲಿರುವುದನ್ನು ಟೆನ್ನಿಸ್ ಹುಡುಗ ಕೇಳುತ್ತಲೇ ಇದ್ದಾನೆ. ನಾನು 9,000 ಅಂದೆ, ಅವನು 6,000 ಅಂದ. "ಮಗಾ, ಎರಡೇ ತಿಂಗಳು ಆಡಿರೋದು" ಅಂದೆ. "ಅಣ್ಣಾ, ಮುಖ ಅರ್ಧ ನುಣ್ಣಗಾಗಿದೆ" ಅಂತ ಬೆರಳಲ್ಲಿ ಸವರಿ ತೋರಿಸಿದ. ಇದನ್ನು ಅವನಿಗೆ ಹೇಳಿಕೊಟ್ಟವನು ನಾನೇ. ನಿನ್ನೆ ರಾತ್ರಿ 6,500 ಅಂತ ಮೆಸೇಜ್ ಹಾಕಿದ್ದಾನೆ. ಇನ್ನೂ ಉತ್ತರ ಕೊಟ್ಟಿಲ್ಲ.